ನಾಲ್ವರಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು?

ಪ್ರಶ್ನೆ: ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದೇನೆ. ಔಷಧಿ, ಡೋಸ್, ನಾರ್ಮಲ್ ಅಂಕಿಗಳು ಎಲ್ಲಾ ಬಾಯಿಪಾಠ ಆಗಿವೆ. ಆದರೆ ‘ಈ ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡುತ್ತೀರಿ?’ ಅಂತ ಕೇಳಿದರೆ ಪ್ರತಿ ಸಲ ತಪ್ಪುತ್ತೇನೆ. ನಾಲ್ವರಿಗೂ ತೊಂದರೆ ಇದ್ದೇ ಇರುತ್ತದೆ, ಅಲ್ವಾ?

ಉತ್ತರ: ಹೌದು, ನಾಲ್ವರಿಗೂ ಇರುತ್ತದೆ. ಯಾರ ಕಾಯಿಲೆ ದೊಡ್ಡದು ಅಂತ ಹುಡುಕಲು ಹೋದರೆ ದಾರಿ ತಪ್ಪುತ್ತೀರಿ. ಯಾರಲ್ಲಿ ಹೊಸದಾಗಿ ಏನೋ ಕೆಡುತ್ತಿದೆ, ಹತ್ತು ನಿಮಿಷ ತಡವಾದರೆ ಯಾರ ಜೀವಕ್ಕೆ ಕುತ್ತು ಅಂತ ಕೇಳಿಕೊಳ್ಳಿ.

ಒಂದು ಉದಾಹರಣೆ ನೋಡೋಣ. ಮೊದಲನೆಯವರಿಗೆ ಎಷ್ಟೋ ವರ್ಷದಿಂದ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ರಕ್ತದ ಆಕ್ಸಿಜನ್ ಮಟ್ಟ 90%. ಎರಡನೆಯವರಿಗೆ ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಏಳು. ಮೂರನೆಯವರು ಡಯಾಬಿಟಿಸ್ ಇರುವವರು, ಸಕ್ಕರೆ 250. ನಾಲ್ಕನೆಯವರಿಗೆ ಬೆಳಗ್ಗೆ ಥೈರಾಯ್ಡ್ ಆಪರೇಷನ್ ಆಗಿದೆ, ಈಗ ಉಸಿರು ಎಳೆದುಕೊಳ್ಳುವಾಗ ಕೀರಲು ಸದ್ದು ಬರುತ್ತಿದೆ.

ಮೊದಲ ಮೂವರ ಪಕ್ಕ ಅಂಕಿ ಇದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಸಿಒಪಿಡಿ ಇರುವ ಎಷ್ಟೋ ಜನರಿಗೆ 88ರಿಂದ 92% ಇಟ್ಟುಕೊಳ್ಳುವುದೇ ಗುರಿ. ನೋವಿಗೆ, ಸಕ್ಕರೆಗೆ ಬೇಗ ಔಷಧಿ ಕೊಡಲೇಬೇಕು, ಆದರೂ ಕೆಲವು ನಿಮಿಷ ತಡೆಯುತ್ತದೆ. ನಾಲ್ಕನೆಯವರ ಉಸಿರಿನ ದಾರಿಯೇ ಮುಚ್ಚುತ್ತಿದೆ. ಓಡಿ ಅಲ್ಲಿಗೆ ಹೋಗಿ. ತಲೆ ಎತ್ತರಿಸಿ ಕೂರಿಸಿ, ಸಹಾಯಕ್ಕೆ ಕೂಗಿ, ರೋಗಿಯನ್ನು ಬಿಟ್ಟು ಕದಲಬೇಡಿ. ಕತ್ತಿನ ಮುಂಭಾಗದ ಬ್ಯಾಂಡೇಜ್ ಒಣಗಿದೆ ಅಂತ ಸುಮ್ನೆ ಇರಬೇಡಿ, ಕತ್ತಿನ ಹಿಂದೆ ಕೈ ಹಾಕಿ ನೋಡಿ. ರಕ್ತ ಕೆಳಗೆ ಇಳಿದು ಅಲ್ಲೇ ನಿಂತಿರಬಹುದು. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಪರೀಕ್ಷೆಯಲ್ಲಿ ಎಂದೂ ಮರೆಯುವುದಿಲ್ಲ.

‘ಮೊದಲು ಏನು ಮಾಡುತ್ತೀರಿ?’ ಅನ್ನುವ ಪ್ರಶ್ನೆಗೂ ಹೀಗೇ. ಮಾನಿಟರ್ ಆಕ್ಸಿಜನ್ ಮಟ್ಟ 82% ತೋರಿಸುತ್ತಿದೆ ಅಂದುಕೊಳ್ಳಿ. ರೋಗಿ ಆರಾಮಾಗಿ ಮಾತಾಡುತ್ತಿದ್ದರೆ ಬೆರಳಿನ ಕ್ಲಿಪ್ ಜಾರಿದೆಯಾ, ಬೆರಳು ತಣ್ಣಗಿದೆಯಾ, ನೇಲ್ ಪಾಲಿಶ್ ಇದೆಯಾ ನೋಡಿ. ತುಟಿ ನೀಲಿಗಟ್ಟಿದ್ದರೆ ಕ್ಲಿಪ್ ಸರಿಮಾಡುತ್ತಾ ನಿಲ್ಲಬೇಡಿ, ತಲೆ ಎತ್ತರಿಸಿ ಆಕ್ಸಿಜನ್ ಕೊಡಿ. ಎರಡು ಸಲವೂ ಕಣ್ಣು ಮೊದಲು ಹೋಗಬೇಕಾದದ್ದು ರೋಗಿಯ ಮುಖಕ್ಕೆ.

ಅಭ್ಯಾಸದ ಪ್ರಶ್ನೆಗಳನ್ನು ಮಾಡುವಾಗ ಸರಿ ಉತ್ತರ ಬಂತು ಅಂತ ಮುಂದಕ್ಕೆ ಹೋಗಬೇಡಿ. ಉಳಿದ ಮೂವರು ಯಾಕೆ ಕಾಯಬಹುದು ಅಂತ ಒಂದೊಂದು ಸಾಲು ಬರೆಯಿರಿ. ದಿನಕ್ಕೆ ಹತ್ತು ಪ್ರಶ್ನೆ ಹೀಗೆ ಮಾಡಿದರೂ ಸಾಕು.

ಇನ್ನೊಂದು ಮಾತು. ವಾರ್ಡಿನಲ್ಲಿ ಉಸಿರಾಟ ಎಣಿಸುವುದನ್ನು ಅಂದಾಜಿಗೆ ಬಿಡಬೇಡಿ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ನಾರ್ಮಲ್. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. ನಾಡಿ ನೋಡಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೇ ಇಟ್ಟುಕೊಂಡು, ಹೇಳದೆ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಯಾರ ಉಸಿರಾಟವೂ ಬದಲಾಗಿಬಿಡುತ್ತದೆ.