ಹಲ್ಲಿನ ಇಂಪ್ಲಾಂಟ್ (ದವಡಿ ಎಲುಬಿನಾಗ ಕೂಡಿಸೋ ಸ್ಕ್ರೂ) ಹಾಕಿಸಿದ ಮರುದಿನಾನೂ ಕೆಳತುಟಿ ಜೋಮು ಹೋಗಿಲ್ಲ, ಯಾವ ಗುಳಿಗಿ ತಗೋಬೇಕು?

ಗುಳಿಗಿ ಮಾತು ಆಮ್ಯಾಲ ರೀ. ನಿನ್ನೆ ಇಂಪ್ಲಾಂಟ್ ಆಗ್ಯದ, ತುಟಿ ಗದ್ದ ಒಂದೇ ಕಡಿ ಜೋಮು ಹಿಡ್ದಾದ, ಡಾಕ್ಟರ್ ಹೊಲಿಗಿ ಬಿಚ್ಚೋತನಕ ನೋಡೋಣ ಅಂದಾರ ಅಂತ ಬರ್ದೀರಲ್ಲ, ನಂಗೂ ಇದೇ ಮಾತು ಹೇಳಿದ್ರು.

ನಂದೂ ಕೆಳಗಿನ ದವಡಿ, ಬಲಗಡಿ ಹಿಂದಿನ ಹಲ್ಲು, ಇಲ್ಲೇ ಕಲಬುರಗಿಯಾಗ ಒಂದು ಕ್ಲಿನಿಕ್ಕಿನಾಗ ಮಾಡ್ಸಿದ್ದು. ಇಡೀ ದವಡಿ ಒಂದೇ ಫಿಲ್ಮಿನಾಗ ಬರೋ ಓಪಿಜಿ ಅಷ್ಟೇ ತೆಗ್ಸಿದ್ರು. ಡ್ರಿಲ್ ಹಾಕುವಾಗ ಒಮ್ಮೆಲೇ ತುಟಿತನಕ ಕರೆಂಟ್ ಹೊಡ್ದಂಗಾಯ್ತು, ನಾ ಕುರ್ಚಿ ಗಟ್ಟಿ ಹಿಡ್ಕೊಂಡೆ, ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟು ಮುಂದುವರ್ಸಿದ್ರು. ಮರುದಿನ ಮುಂಜಾನಿ ಛಾ ಕುಡೀಲಿಕ್ಕತ್ತಿದ್ದೆ, ಮನ್ಯಾಕಿ "ರೀ, ಅಂಗಿ ನೋಡ್ಕೋರಿ" ಅಂದ್ಳು. ಛಾ ಗದ್ದದ ಮ್ಯಾಲಿಂದ ಇಳ್ದು ಅಂಗಿ ತೋಯ್ದಿತ್ತು, ನಂಗ ಬಿಸೀನೂ ಗೊತ್ತಾಗಿಲ್ಲ, ಹಸೀನೂ ಗೊತ್ತಾಗಿಲ್ಲ.

ಅಷ್ಟಾದ್ರೂ ಇದು ಇಂಜೆಕ್ಷನ್ ಜೋಮೇ ಅಂತ ತಿಳ್ಕೊಂಡು ಹೊಲಿಗಿ ಬಿಚ್ಚೋತನಕ ಸುಮ್ಮನ ಕುಂತೆ, ನಾ ಕೆಟ್ಟಿದ್ದು ಇಲ್ಲೇ. ಯಾಕ ಕುಂತೆ ಅಂದ್ರ ನೋವಿರ್ಲಿಲ್ಲ, ಬಾವಿರ್ಲಿಲ್ಲ, ನಕ್ಕರ ಬಾಯಿ ಸೊಟ್ಟ ಆಗ್ತಿರ್ಲಿಲ್ಲ. ಆದ್ರ ತುಟಿ ಆಡಿಸೋ ನರ ಬ್ಯಾರೆ, ತುಟಿಗೆ ಸ್ಪರ್ಶ ಕೊಡೋ ನರ ಬ್ಯಾರೆ ರೀ. ಈ ಸ್ಪರ್ಶದ ನರ ಕೆಳದವಡಿ ಎಲುಬಿನೊಳಗ ಒಂದು ಸಣ್ಣ ಕಾಲುವೆಯಾಗ ಹಾದು ಬಂದು, ಮುಂದಿನ ದವಡಿ ಹಲ್ಲಿನ ಬುಡದ ಹತ್ರ ಹೊರಗ ಬಿದ್ದು ತುಟಿಗೆ ಗದ್ದಕ್ಕ ಹೋಗ್ತದ. ಜೋಮು ಹಿಡ್ಸೋ ಇಂಜೆಕ್ಷನ್ ಲಿಗ್ನೋಕೇನ್, ಅದರ ಜೋಮು ಸಾಮಾನ್ಯ 3ರಿಂದ 5 ತಾಸಿನಾಗ ಇಳೀತದ. ರಾತ್ರಿ ಕಳ್ದು ಬೆಳಗಾದ್ರೂ ತುಟಿ ಬಂದಿಲ್ಲ ಅಂದ್ರ ಅದನ್ನ ಇಂಜೆಕ್ಷನ್ ಮ್ಯಾಲ ಹಾಕ್ಬಾರ್ದು, ನರಕ್ಕ ಪೆಟ್ಟು ಬಿದ್ದದ, ಇಲ್ಲಾ ಒತ್ತಲಿಕ್ಕತ್ತದ ಅಂತ ಹಿಡೀಬೇಕು. ಸ್ಕ್ರೂ ಒತ್ತಿದ್ರ ಮೊದಲ 36 ತಾಸಿನೊಳಗ ತೆಗೆದ್ರ ನರ ಚೇತರಿಸ್ಕೊಳ್ಳೋ ಆಸೆ ಜಾಸ್ತಿ ಅಂತ ಸರ್ಜನ್‌ಗಳು ಹೇಳ್ತಾರ. ನಾ ಆ ಹೊತ್ತನ್ನ ಮನ್ಯಾಗ ಗಂಜಿ ಕುಡ್ಕೋತ ಕಳ್ದೆ. ಆಮ್ಯಾಲ ಹೈದ್ರಾಬಾದಿಗೆ ಹೋಗಿ ಸಿಬಿಸಿಟಿ (ದವಡಿ ಎಲ್ಲಾ ಕಡಿಯಿಂದ ತೋರ್ಸೋ 3ಡಿ ಸ್ಕ್ಯಾನ್) ಮಾಡ್ಸಿದ್ರ ಸ್ಕ್ರೂ ತುದಿ ಕಾಲುವೆಯೊಳಗ ಇಳ್ದಿದ್ದು ಕಂಡಿತು, ತೆಗ್ಸಿದ್ರೂ ತುಟಿ ಪೂರ್ತಿ ಬರ್ಲಿಲ್ಲ. ಈಗ ಅರ್ಧ ಬಂದದ, ಗಡ್ಡ ಮಾಡ್ಕೊಳ್ಳುವಾಗ ಇರುವಿ ಹರ್ದಾಡ್ದಂಗ ಆಗ್ತದ, ಚಳಿಗಾಲದಾಗ ಉರೀತದ, ನರದ ನೋವಿನ ಗುಳಿಗಿ ಪ್ರಿಗಾಬಲಿನ್ ತಗೊಂಡ್ರೇ ನಿದ್ದಿ.

ಅದಕ್ಕೇ ಯಾವ ಗುಳಿಗಿ ಅನ್ನೋ ಪ್ರಶ್ನೀನೇ ಬಿಡ್ರಿ. ನರಕ್ಕಂತ ಕೊಡೋ ಬಿ12 ಗುಳಿಗಿ ಮಿಥೈಲ್‌ಕೋಬಾಲಮಿನ್ ನಾನೂ ಸ್ಟ್ರಿಪ್‌ಗಟ್ಲೆ ನುಂಗೀನಿ, ನರದ ಮ್ಯಾಲ ಕುಂತ ಸ್ಕ್ರೂ ಗುಳಿಗಿಯಿಂದ ಎದ್ದು ಹೋಗಲ್ಲ. ಇವತ್ತೇ ಸಿಬಿಸಿಟಿ ಸ್ಕ್ಯಾನ್ ಕೇಳ್ರಿ, ಓಪಿಜಿ ಸಾಕು ಅಂದ್ರ ಒಪ್ಪಬ್ಯಾಡ್ರಿ, ಅದ್ರಾಗ ಅಳತಿ ದೊಡ್ಡದಾಗಿ ಕಾಣ್ತದ, ಅಡ್ಡಗಲ ತಿಳಿಯಲ್ಲ. ಸ್ಕ್ರೂ ತುದಿಗೂ ಕಾಲುವೆಗೂ 2 ಮಿಲಿಮೀಟರ್ ಆದ್ರೂ ಅಂತರ ಇರಬೇಕು, ನಿಮ್ಮದ್ರಾಗ ಎಷ್ಟದ ಅಂತ ಬಾಯಿಬಿಟ್ಟು ಕೇಳ್ರಿ. ತಾಗ್ಯದ ಅಂದ್ರ ಇವತ್ತೇ ತೆಗ್ಸಿಬಿಡ್ರಿ, ರೊಕ್ಕ ಹೋಯ್ತಂತ ನೋಡಬ್ಯಾಡ್ರಿ, ಗಿಡ್ಡ ಇಂಪ್ಲಾಂಟ್ ಕೂಡಿಸ್ಲಿಕ್ಕೆ ಆಗ್ತದೇನು ಅಂತ ಗಾಯ ಮಾದಮ್ಯಾಲ ನೋಡ್ಲಿಕ್ಕೆ ಬರ್ತದ. ದೂರ ಅದ, ಬರೇ ಒಳಬಾವು ಅಂದ್ರ ಸ್ಟೆರಾಯ್ಡ್ ಕೊಟ್ಟು ಕಾಯೋದು ಬ್ಯಾರೆ ಮಾತು, ಆದ್ರ ಅದು ಸ್ಕ್ಯಾನ್ ನೋಡಿದಮ್ಯಾಲ.

ಇನ್ನೊಂದು, ಕಣ್ಣು ಮುಚ್ಚಿ ಹತ್ತಿ ಮುಟ್ಟಿಸ್ಕೊಂಡು ಎಲ್ಲಿತನಕ ಗೊತ್ತಾಗಲ್ಲ ಅನ್ನೋದು ಪೆನ್ನಿಂದ ಗದ್ದದ ಮ್ಯಾಲ ಗೀಟು ಹಾಕಿಸಿ ಫೋಟೋ ತೆಗ್ದಿಡ್ರಿ, ಜಾಗ ಸಣ್ಣ ಆಗ್ಲಿಕ್ಕತ್ತದೋ ಇಲ್ಲೋ ಆಮ್ಯಾಲ ಅದರಿಂದಾನೇ ತಿಳೀತದ. ನಿಮ್ಮ ಡಾಕ್ಟರ್ ಸ್ಕ್ಯಾನ್ ಬ್ಯಾಡ ಅಂದ್ರ ನಮ್ಮೂರಿನ ಎಚ್‌ಕೆಇ ಸೊಸೈಟಿ ಡೆಂಟಲ್ ಕಾಲೇಜಿನಾಗ ಓರಲ್ ಸರ್ಜರಿ ವಿಭಾಗದವರಿಗೆ ಇವತ್ತೇ ತೋರಿಸ್ರಿ, ಹಳೇ ಎಕ್ಸರೇ ಜೊತಿಗೆ ಒಯ್ರಿ. ಏನು ಬಂತಂತ ಇಲ್ಲಿ ತಿಳಿಸ್ರಿ.