ಒಂದೇ ಮೆಸ್ಸಿನ ರೊಟ್ಟಿ ಉಂಡವರು

ಪ್ರಶ್ನೆ: ಅಕ್ಕೋರೆ, ನನ್ನ ಮಗ ಅಮೆರಿಕಾದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, 'ಅವ್ವಾ, ನಾ ಒಂದು ಫ್ರಾಟರ್ನಿಟಿ ಸೇರ್ತೀನಿ' ಅಂದ. ಕಾಲೇಜು ಹುಡುಗರ ಸಂಘವಂತೆ, ಹೆಸರು ಮೂರು ಗ್ರೀಕ್ ಅಕ್ಷರ. ಅದಕ್ಕೆ ಬೇರೆ ಫೀ, ಅವರದೇ ಮನೆಯಲ್ಲಿ ವಾಸ, ಒಳಗಿನ ಮಾತು ಹೊರಗೆ ಹೇಳಬಾರದಂತೆ. 'ಒಮ್ಮೆ ಸೇರಿದ್ರ ಸಾಯೋತನಕ ಅಣ್ಣತಮ್ಮರು' ಅಂತಾನೆ. ಇದು ರ‍್ಯಾಗಿಂಗೋ, ಮಠವೋ ತಿಳಿಯುತ್ತಿಲ್ಲ. ಬೇಡ ಅನ್ನಲೇ?
— ಒಬ್ಬ ತಾಯಿ, ಬೀದರ್

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇದೆ ತಾಯಿ. ಆದರೆ ಗ್ರೀಕ್ ಅಕ್ಷರಕ್ಕೆ ಹೋಗುವ ಮುಂಚೆ ನಮ್ಮ ಮನೆಯವರ ಹಾಸ್ಟೆಲ್ ಗ್ಯಾಂಗಿನ ಕಥೆ ಹೇಳುತ್ತೇನೆ.

ನಾನು 1982ರಲ್ಲಿ ಮದುವೆಯಾಗಿ ಕಲಬುರಗಿಗೆ ಬಂದೆ. ಆಗಿನ್ನೂ ಗುಲ್ಬರ್ಗಾ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ನಾದಿನಿಯರು ಅಂತ ಹೇಳಿದ್ದರು. ಇವರಲ್ಲದೆ ಇನ್ನೂ ಏಳು ಮಂದಿ ಇದ್ದಾರೆ ಅಂತ ಯಾರೂ ಹೇಳಿರಲಿಲ್ಲ. ಎಲ್ಲರೂ ನಮ್ಮ ಮನೆಯವರ ಜೊತೆ ಇಂಜಿನಿಯರಿಂಗ್ ಓದಿದವರು, ಒಂದೇ ಹಾಸ್ಟೆಲಿನವರು. ಒಬ್ಬರು ಚಿಂಚೋಳಿ, ಒಬ್ಬರು ಔರಾದ್, ಇಬ್ಬರು ಸುರಪುರದ ಕಡೆಯವರು. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ಯಾವ ಹೊತ್ತಿಗೆ ಬಂದರೂ ಕಾಲು ನೇರ ಅಡುಗೆಮನೆಗೆ. 'ವೈನಿ, ರೊಟ್ಟಿ ಅದಾವೇನ್ರಿ?' ಬಿಸಿ ರೊಟ್ಟಿ ಇಲ್ಲ ಅಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಾವೇ ಹುಡುಕಿಕೊಂಡು ಉಣ್ಣುತ್ತಿದ್ದರು. ಡಬ್ಬಿ ಎಲ್ಲಿದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

2008ರ ಬೇಸಿಗೆಯ ಒಂದು ರಾತ್ರಿ ಇವರಿಗೆ ಎದೆನೋವು ಬಂತು. ಡಾಕ್ಟರು ಸೊಲ್ಲಾಪುರಕ್ಕೆ ಒಯ್ಯಿರಿ ಅಂದರು. ಮಗ ಬೆಂಗಳೂರಿನಲ್ಲಿ. ನಾನು ಫೋನ್ ಮಾಡಿದ್ದು ಚಿಂಚೋಳಿಯವರಿಗೆ. ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡೇ ಕಾರು ತಂದರು. ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಉದ್ದಕ್ಕೂ ಇವರನ್ನು ಬೈಯುತ್ತಲೇ ಓಡಿಸಿದರು: 'ಮಗನ, ಸತ್ತೀದಿ ನೋಡು! ಮೆಸ್ಸಿನ ನಲವತ್ತು ರೂಪಾಯಿ ಇನ್ನೂ ಕೊಡೋದದ.' ಬೆಳಗಾಗುವಷ್ಟರಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಗ್ಯಾಂಗಿನ ನಾಲ್ವರು ಕೂತಿದ್ದರು.

ಇನ್ನು ಇದೇ ಚಿಂಚೋಳಿಯವರ ಇನ್ನೊಂದು ಕಥೆ. 1994ರಲ್ಲಿ ಗುತ್ತಿಗೆ ಕೆಲಸ ಶುರು ಮಾಡಲು ಒಂದು ಬ್ಯಾಂಕಿನಲ್ಲಿ ಸಾಲ ತೆಗೆದರು. ಜಾಮೀನು ನಮ್ಮ ಮನೆಯವರದು. ಕಾಗದ ಓದಲಿಲ್ಲ, ನನ್ನನ್ನು ಕೇಳಲೂ ಇಲ್ಲ. 'ರೂಮ್‌ಮೇಟ್ ಕೇಳಿದ ಮೇಲೆ ಏನು ಓದೋದು?' ಅಂದರು. ಗುತ್ತಿಗೆ ಮುಳುಗಿತು. ಆರು ವರ್ಷ ಇವರ ಪಗಾರದಲ್ಲಿ ಕಂತು ಹಿಡಿದರು. ಮಗಳ ಫೀಗೆ ನನ್ನ ಪಾಟಲಿ ಹೋದವು. (ಪಕ್ಕದಲ್ಲೇ ಕೂತು 'ಆ ಸಾಲದ ಮಾತು ಬರೀಬ್ಯಾಡ' ಅನ್ನುತ್ತಿದ್ದಾರೆ. ಬರೆಯುತ್ತಿದ್ದೇನೆ.) ಚಿಂಚೋಳಿಯವರು ಆಮೇಲೆ ಅರ್ಧ ತೀರಿಸಿದರು. ಉಳಿದ ಅರ್ಧ ಸೊಲ್ಲಾಪುರದ ದಾರಿಯಲ್ಲಿ ತೀರಿತೋ ಇಲ್ಲವೋ, ನನಗೆ ಇವತ್ತಿಗೂ ಲೆಕ್ಕ ಹತ್ತಿಲ್ಲ.

ನಿಮ್ಮ ಮಗ ಹೊರಟಿರುವುದೂ ಇಂಥದೇ ಗ್ಯಾಂಗಿಗೆ. ನಮ್ಮಲ್ಲಿ ವಾರ್ಡನ್ ರೂಮು ಕೊಡುತ್ತಾರೆ, ಸ್ನೇಹ ಆಮೇಲೆ ತಾನಾಗಿ ಆಗುತ್ತದೆ. ಅಲ್ಲಿ ಮೊದಲೇ ಆರಿಸುತ್ತಾರೆ: ಇವನು ಒಳಗೆ, ಅವನು ಹೊರಗೆ. ನನಗೆ ಹಿಡಿಸದೇ ಇರುವುದು ಅದೊಂದೇ.

ಗ್ರೀಕ್ ಅಕ್ಷರದ ಹೆಸರಿಡುವ ಪದ್ಧತಿ 1776ರದು. ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನ ಹುಡುಗರು ಫೈ ಬೀಟಾ ಕಪ್ಪಾ ಅಂತ ಒಂದು ಗುಟ್ಟಿನ ಸಂಘ ಕಟ್ಟಿದರು. ಈಗ ಅದು ಚೆನ್ನಾಗಿ ಓದುವವರಿಗೆ ಸಿಗುವ ಗೌರವ ಅಷ್ಟೇ. ಒಟ್ಟಿಗೆ ಇದ್ದು, ಉಂಡು, ಪಾರ್ಟಿ ಮಾಡುವ ಬಗೆಯ ಸಂಘಗಳು ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಿಂದ ಈಚೆಗೆ. ಬಹಳ ಕಾಲ ಅವು ಬಿಳಿಯರ ಹುಡುಗರಿಗೆ ಮಾತ್ರ. ಬಾಗಿಲು ಮುಚ್ಚಿದಾಗ ಹೊರಗಿದ್ದವರು ಸುಮ್ನೆ ಕೂರಲಿಲ್ಲ. 1870ರಲ್ಲಿ ಹೆಣ್ಣುಮಕ್ಕಳು ಕಪ್ಪಾ ಆಲ್ಫಾ ಥೀಟಾ ಕಟ್ಟಿಕೊಂಡರು. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಏಳು ಮಂದಿ ಕಪ್ಪು ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಬಾಸ್ಟನ್ನಿನಲ್ಲಿ ಓದುವಾಗ ಸೇರಿದ್ದು ಅದಕ್ಕೇ. ಆಲ್ಫಾ ಕಪ್ಪಾ ಆಲ್ಫಾ ಅನ್ನುವುದು 1908ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಕಪ್ಪು ಹುಡುಗಿಯರು ಕಟ್ಟಿದ್ದು. ಕಮಲಾ ಹ್ಯಾರಿಸ್ ಅದರ ಸದಸ್ಯೆ. ಅವರು ಕಾಲೇಜು ಬಿಟ್ಟು ಮೂವತ್ತು ವರ್ಷದ ಮೇಲೆ ಚುನಾವಣೆಗೆ ನಿಂತಾಗ ಗುಲಾಬಿ–ಹಸಿರು ಬಣ್ಣ ತೊಟ್ಟ 'ಅಕ್ಕತಂಗಿಯರು' ಬೆನ್ನಿಗೆ ನಿಂತರು. ಈ ಸಂಘಗಳಲ್ಲಿ ಓದು ಮುಗಿಸಿದವರಿಗೂ ಬೇರೆ ಶಾಖೆಗಳಿವೆ. 'ಸಾಯೋತನಕ' ಅಂತ ನಿಮ್ಮ ಮಗ ಅಂದದ್ದು ಬರೀ ಮಾತಲ್ಲ. ನಮ್ಮವರೇನು ಕಡಿಮೆ? 1998ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಭಾರತದ ಕಡೆಯ ಹುಡುಗರೂ ಡೆಲ್ಟಾ ಎಪ್ಸಿಲಾನ್ ಸೈ ಅಂತ ತಮ್ಮದೊಂದು ಮಾಡಿಕೊಂಡಿದ್ದಾರೆ!

ದುಡ್ಡಿನ ಲೆಕ್ಕ ಬೇಕೆಂದರೆ, ಮೂವರು ಅರ್ಥಶಾಸ್ತ್ರಜ್ಞರು ಅಲ್ಲಿನ ಒಂದು ಕಾಲೇಜಿನ ಹಳೆ ವಿದ್ಯಾರ್ಥಿಗಳ ಮಾಹಿತಿ ತೆಗೆದು ನೋಡಿದ್ದಾರೆ. ಫ್ರಾಟರ್ನಿಟಿ ಸೇರಿದವರ ಅಂಕ ನಾಲ್ಕರ ಅಳತೆಯಲ್ಲಿ ಕಾಲು ಪಾಯಿಂಟಿನಷ್ಟು ಇಳಿಯಿತು. ಮುಂದಿನ ಸಂಪಾದನೆ ಶೇ. 36ರಷ್ಟು ಏರಿತು. ಒಂದೇ ಕಾಲೇಜಿನ ಲೆಕ್ಕ, ಇದನ್ನೇ ನಂಬಿ ಕೂರಬೇಡಿ. ಆದರೆ ಓದು ಇಳಿದು ಪಗಾರ ಏರುವುದು ಹೇಗೆ ಅಂತ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಗ್ಯಾಂಗಿನಲ್ಲೂ ಮೊದಲ ನೌಕರಿ ಸಿಕ್ಕಿದ್ದು ಮಾರ್ಕ್ಸ್ ಕಾರ್ಡಿನಿಂದಲ್ಲ. ಔರಾದಿನವರು ಬರೆದ ಒಂದು ಚೀಟಿಯಿಂದ.

ನಿಮ್ಮ ಭಯ ಇರುವುದು ಸೇರಿಸಿಕೊಳ್ಳುವ ಮುಂಚಿನ ಪರೀಕ್ಷೆಯ ಬಗ್ಗೆ. ಅದು ಸರಿಯಾದ ಭಯ. 2017ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಹುಡುಗನಿಗೆ ಒಂದೇ ಸಮನೆ ಕುಡಿಸಿದರು. ಅವನು ಮೆಟ್ಟಿಲಿಂದ ಬಿದ್ದ. 'ಅಣ್ಣತಮ್ಮರು' ಗಂಟೆಗಟ್ಟಲೆ ಯಾರಿಗೂ ಫೋನ್ ಮಾಡಲಿಲ್ಲ. ಹುಡುಗ ಉಳಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಇಡೀ ಅಮೆರಿಕಾಕ್ಕೆ ಒಂದು ಕಾನೂನು ಬಂದಿದೆ: ಇಂಥ ತಪ್ಪು ಮಾಡಿದ ಸಂಘಗಳ ವಿವರವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲೇ ಹಾಕಬೇಕು. ಮಗನಿಗೆ ಅದನ್ನು ತೆಗೆದು ನಿಮ್ಮೆದುರು ವಿಡಿಯೋ ಕಾಲಿನಲ್ಲೇ ಓದಲು ಹೇಳಿ. ಆ ಮೂರು ಅಕ್ಷರ ಅಲ್ಲಿದ್ದರೆ ಬೇಡ ಅನ್ನಿ. ಇಲ್ಲದಿದ್ದರೆ ಹೋಗಲಿ. 21 ತುಂಬದವರು ಕುಡಿಯುವುದು ಅಲ್ಲಿ ಕಾನೂನಿಗೇ ವಿರುದ್ಧ. ಒತ್ತಾಯ ಮಾಡಿದ ರಾತ್ರಿಯೇ ಎದ್ದು ಬರಬೇಕು ಅಂತ ಈಗಲೇ ಮಾತು ತಗೊಳ್ಳಿ. ಮತ್ತೆ, ಯಾವ ಅಣ್ಣ ಕೇಳಿದರೂ ಓದದೆ ಸಹಿ ಹಾಕಬಾರದು. ಅದಕ್ಕೆ ನನ್ನ ಪಾಟಲಿ ಸಾಕ್ಷಿ.

ಪ್ರಶ್ನೆ: ನಾನು ಸರ್ಕಾರಿ ಅಧಿಕಾರಿ. ನಮ್ಮ ಸಮಾಜದ ಹಾಸ್ಟೆಲಿನಲ್ಲಿ ಇದ್ದು ಓದಿದವನು. ಹಳೆ ಹುಡುಗರ ವಾಟ್ಸಾಪ್ ಗ್ರೂಪಿನಿಂದ ದಿನಾ ಒಬ್ಬರ ಕೆಲಸ ಬರುತ್ತದೆ. ಆಗಲ್ಲ ಅಂದರೆ 'ಕುರ್ಚಿ ಬಂತು, ಹಾಸ್ಟೆಲ್ ಮರೆತ' ಅಂತಾರೆ. ಗ್ರೂಪ್ ಬಿಡಲೇ?
— ಯಾದಗಿರಿ

ಉತ್ತರ: ಬಿಡಬೇಡಿ, ನಾಳೆ ಸೊಲ್ಲಾಪುರಕ್ಕೆ ಹೋಗುವ ರಾತ್ರಿ ನಿಮಗೂ ಬರಬಹುದು. ರಕ್ತ ಬೇಕು, ಬೆಂಗಳೂರಿನಲ್ಲಿ ಮಗಳಿಗೆ ಪಿಜಿ ಬೇಕು, ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕು ಅಂದರೆ ಎದ್ದು ಹೋಗಿ. ಫೈಲಿನ ವಿಷಯಕ್ಕೆ 'ಆಫೀಸಿಗೆ ಬಾ, ಎಲ್ಲರ ಜೊತೆ ಸರದಿಯಲ್ಲಿ ನಿಲ್ಲು' ಅಂತ ಗ್ರೂಪಿನಲ್ಲೇ ಬರೆದುಬಿಡಿ. ಒಬ್ಬೊಬ್ಬರಿಗೇ ಹೇಳಿದರೆ ಒಬ್ಬೊಬ್ಬರೇ ಸಿಟ್ಟಾಗುತ್ತಾರೆ. ಆ ಸರದಿಯಲ್ಲಿ ನಿಂತವನು ಒಬ್ಬ, ನಿಮ್ಮ ವರ್ಷವೇ ಹಾಸ್ಟೆಲಿನಲ್ಲಿ ಜಾಗ ಸಿಗದೆ ಕಾಲೇಜು ಬಿಟ್ಟವನಿರಬಹುದು, ಅಲ್ವಾ?

ಪ್ರಶ್ನೆ: ನಮ್ಮ ಯಜಮಾನರಿಗೆ ವರ್ಷಕ್ಕೆ ಎರಡು ಸ್ನೇಹಕೂಟ. ನನ್ನ ರೂಮ್‌ಮೇಟ್‌ಗಳು ಎಲ್ಲಿದ್ದಾರೋ ಗೊತ್ತೇ ಇಲ್ಲ. ಹೇಗೆ ಹುಡುಕಲಿ?
— ಆಳಂದ

ಉತ್ತರ: ನಮ್ಮದೂ ಅದೇ ಗತಿ. ಧಾರವಾಡದ ಹಾಸ್ಟೆಲಿನಲ್ಲಿ ನಾವು ಮೂವರು ಒಂದೇ ರೂಮು. ಮದುವೆಯಾಗಿ ಮೂವರಿಗೂ ಅಡ್ಡಹೆಸರು ಬದಲಾಯಿತು, ಊರು ಬದಲಾಯಿತು. ಇನ್‌ಲ್ಯಾಂಡ್ ಪತ್ರಗಳು ಎರಡು ವರ್ಷಕ್ಕೆ ನಿಂತವು. ಗಂಡಸರ ಗ್ಯಾಂಗ್ ಉಳಿಯುವುದು ಅವರ ವಿಳಾಸ ಬದಲಾಗದೇ ಇರುವುದರಿಂದ, ಮತ್ತೆ ರೊಟ್ಟಿ ಬಡಿಯುವವರು ನಾವಿರುವುದರಿಂದ. ಫೇಸ್‌ಬುಕ್ಕಿನಲ್ಲಿ ಗಂಡನ ಮನೆ ಹೆಸರು ಹಾಕಿ ಹುಡುಕಿ ಸುಸ್ತಾಗಬೇಡಿ, ತವರಿನ ಕಡೆಯಿಂದ ಹುಡುಕಿ. ಅಣ್ಣತಮ್ಮಂದಿರು ಊರು ಬಿಟ್ಟಿರುವುದಿಲ್ಲ. ನಾನು 2016ರಲ್ಲಿ ಹುಮನಾಬಾದಿನ ಒಂದು ಕಿರಾಣಿ ಅಂಗಡಿಗೆ ಫೋನ್ ಮಾಡಿದೆ. ಗೆಳತಿಯ ತಮ್ಮ ಎತ್ತಿದ. ಸಂಜೆಗೆ ಅವಳದೇ ಫೋನ್ ಬಂತು. ಮೂವತ್ತೈದು ವರ್ಷದ ಮೇಲೆ ಅವಳು ಕೇಳಿದ ಮೊದಲ ಮಾತು: 'ನನ್ನ ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟೀ?'