ಬಳ್ಳಾರಿ ರಾಘವ, ಅಂಬೇಡ್ಕರ್ ಒಂದೇ ವಯಸ್ಸಿಗೆ ತೀರಿಕೊಂಡರು ಅಂತಾರೆ. ಇಸವಿ ಕಳೆದರೆ 66, 65 ಬರುತ್ತದಲ್ಲ?

ಇಬ್ಬರಿಗೂ 65 ತುಂಬಿತ್ತು. ಇಸವಿ ಕಳೆದರಷ್ಟೇ ಸಾಲದು. ತೀರಿಕೊಂಡ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರದಿದ್ದರೆ ಒಂದು ಕಡಿಮೆ ಮಾಡಬೇಕು.

ವಕೀಲಿಕೆ ಮಾಡುತ್ತಲೇ ರಂಗಭೂಮಿಯನ್ನು ಆಳಿದ ನಮ್ಮ ರಾಘವರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ತೀರಿಕೊಂಡದ್ದು 1946ರ ಏಪ್ರಿಲ್ 16ರಂದು. ಹುಟ್ಟುಹಬ್ಬಕ್ಕೆ ಇನ್ನೂ ಮೂರೂವರೆ ತಿಂಗಳಿತ್ತು, ಹಾಗಾಗಿ 65. ನಡೆಯುವ ವರ್ಷ ಲೆಕ್ಕ ಹಿಡಿಯುವ ಹಿರಿಯರು 66 ಅನ್ನುತ್ತಾರೆ, ಗೊಂದಲ ಅಲ್ಲಿಂದಲೂ ಬರುತ್ತದೆ.

ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14, ನಿಧನ 1956ರ ಡಿಸೆಂಬರ್ 6. ಹುಟ್ಟುಹಬ್ಬ ದಾಟಿದ್ದರಿಂದ ಏನೂ ಕಳೆಯಬೇಕಿಲ್ಲ.

ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿಯೂ ಇದೇ ಸಾಲಿನವರು. 1901ರ ಡಿಸೆಂಬರ್ 5ರಂದು ಹುಟ್ಟಿದ ಅವರು 65 ತುಂಬಿದ ಹತ್ತೇ ದಿನಕ್ಕೆ, 1966ರ ಡಿಸೆಂಬರ್ 15ರಂದು ತೀರಿಕೊಂಡರು.